ಅರ್ಧ ಸಲ್ಫೈಡ್, ಅರ್ಧ ಸೆಲೆನೈಡ್: ಆದರೂ ನಡುವಿನ ಬಣ್ಣ ಬರಲ್ಲ

"ಕಲಬುರಗಿಯಲ್ಲಿ ಕೂತು ನ್ಯಾನೊವೈರ್ ಬೆಳೆಸ್ತೀಯಾ?" ಅಂತ ನಕ್ಕವರು ಬಹಳ ಜನ. ನ್ಯಾನೊವೈರ್ ಅಂದರೆ ಕೂದಲಿಗಿಂತ ನೂರಾರು ಪಟ್ಟು ತೆಳುವಾದ ತಂತಿ; ನಾನು ಬೆಳೆಸೋದು ಕ್ಯಾಡ್ಮಿಯಂ ಸಲ್ಫೈಡ್, ಕ್ಯಾಡ್ಮಿಯಂ ಸೆಲೆನೈಡ್ ಬೆರೆತವು. ಹೋದ ತಿಂಗಳು ಅವರಲ್ಲೇ ಇಬ್ಬರನ್ನು ಕರೆದು, ಕೋಣೆ ಕತ್ತಲು ಮಾಡಿ, 405 ನ್ಯಾನೊಮೀಟರ್‌ನ ನೇರಳೆ ಲೇಸರ್ ಹಿಡಿದೆ. ಒಂದೇ ರನ್‌ನಲ್ಲಿ, ಅಂದರೆ ಒಂದೇ ಸಲ ಕಾಯಿಸಿದಾಗ, ವೈರ್ ಬೆಳೆದ ಐದು ಚಿಪ್‌ಗಳು (ಪುಟ್ಟ ಬಿಲ್ಲೆಗಳು) ಹಸಿರಿನಿಂದ ಕಡುಗೆಂಪಿನವರೆಗೆ ಸಾಲಾಗಿ ಹೊಳೆದವು.

ವೈರ್ ಬೆಳೆಸುವ ಫರ್ನೇಸ್ (ಕುಲುಮೆ) ನನ್ನದೇ. ಬೇಳೆ ಮಿಲ್ಲುಗಳ ಮೋಟಾರ್ ವೈಂಡಿಂಗ್ ಮಾಡುವ ಚಾಚಾ ಕಾಯಿಸುವ ಕ್ಯಾಂಥಾಲ್ ತಂತಿಯ ಕಾಯಿಲ್ ಸುತ್ತಿಕೊಟ್ಟರು. "ಏನ್ ಮಾಡಲತ್ತೀರಿ ಸರ್, ಇದರಾಗ ರೊಟ್ಟಿ ಸೈತ ಬೇಯಂಗಿಲ್ಲ" ಅಂದರು. ಎಲ್ಲ ಸೇರಿ 18 ಸಾವಿರ ಆಗಿರಬಹುದು. ನಾಲ್ಕೂವರೆ ಸಾವಿರದ ಮೊದಲ ಕ್ವಾರ್ಟ್ಜ್ ಟ್ಯೂಬ್ ಶಹಾಬಾದ್ ಕಲ್ಲಿನ ಕಟ್ಟೆಗೆ ತಾಗಿ ಒಡೆಯಿತು. ಅವತ್ತು ಊಟ ಸೇರಲಿಲ್ಲ.

ಬರೀ ಕ್ಯಾಡ್ಮಿಯಂ ಸಲ್ಫೈಡ್ ವೈರ್ 510 ನ್ಯಾನೊಮೀಟರ್ ಹತ್ತಿರ ಹಸಿರು ಕೊಡುತ್ತೆ, ಬರೀ ಸೆಲೆನೈಡ್ 710ರ ಹತ್ತಿರ ಕೆಂಪು. ಟ್ಯೂಬಿನೊಳಗೆ ಸಲ್ಫೈಡ್ ಬಿಸಿ ಜಾಗದಲ್ಲಿ ಕೂರುತ್ತೆ, ಸೆಲೆನೈಡ್ ಸ್ವಲ್ಪ ತಣ್ಣನೆಯ ಕಡೆ. ಅದಕ್ಕೇ ಚಿಪ್ ಇಟ್ಟ ಜಾಗದ ಮೇಲೆ ಬಣ್ಣ ಬದಲಾಗುತ್ತೆ. ನಡುವಿನ ಚಿಪ್ಪನ್ನು ಬೆಂಗಳೂರಿಗೆ ಕಳಿಸಿ ಇಡಿಎಕ್ಸ್ (ಯಾವ ಧಾತು ಎಷ್ಟಿದೆ ಅನ್ನೋ ಎಕ್ಸ್-ರೇ ಪರೀಕ್ಷೆ) ಮಾಡಿಸಿದೆ. ಹೆಚ್ಚುಕಡಿಮೆ ಅರ್ಧ ಅರ್ಧ ಅಂತ ಬಂತು. ಹಾಗಾದರೆ ಬೆಳಕು 600ರ ಆಸುಪಾಸು ಬರಬೇಕು ಅಲ್ವಾ? ಬಂದದ್ದು 640! ಎರಡು ತಿಂಗಳು ಫರ್ನೇಸಿನ ಬಿಸಿ ಅಳೆಯುವ ಥರ್ಮೋಕಪಲ್ಲನ್ನು ಬೈದೆ, 1,200 ಕೊಟ್ಟು ಹೊಸದು ಹಾಕಿದೆ. ತಪ್ಪು ಅದರದ್ದಲ್ಲ. ಬೆಳಕಿನ ಬಣ್ಣ ತೀರ್ಮಾನಿಸೋದು ಬ್ಯಾಂಡ್‌ಗ್ಯಾಪ್ ಅನ್ನೋ ಶಕ್ತಿಯ ಅಂತರ; ಅದು ಕಡಿಮೆಯಾದಷ್ಟೂ ಬೆಳಕು ಕೆಂಪಿನ ಕಡೆ ಸರಿಯುತ್ತೆ. ಬೆರಕೆಯ ಪಾಲು ಬದಲಾದ ಹಾಗೆ ಆ ಬ್ಯಾಂಡ್‌ಗ್ಯಾಪ್ ಗೆರೆ ನೆಟ್ಟಗೆ ಹೋಗಲ್ಲ, ನಡುವೆ ಕೆಳಗೆ ಜೋಲುತ್ತೆ. 590 ಬೇಕಾದರೆ ವೈರಿನಲ್ಲಿ ಸಲ್ಫೈಡ್ ಪಾಲು ನೂರಕ್ಕೆ 70 ಇರಬೇಕು. ಚಿಪ್‌ಗಳನ್ನು ಎಷ್ಟೆಷ್ಟು ದೂರ ಇಟ್ಟೆ ಅನ್ನೋದು ಮಾತ್ರ ನನ್ನ ಹತ್ತಿರವೇ ಇರಲಿ.

ಬಣ್ಣ ಅಳೆದದ್ದು ಶೂ ಡಬ್ಬಿ, ಬೆಳಕನ್ನು ಬಣ್ಣಗಳಾಗಿ ಬಿಡಿಸುವ ಡಿವಿಡಿ ಚೂರು, ಮೊಬೈಲ್ ಕ್ಯಾಮೆರಾದಲ್ಲಿ. ಸಿಎಫ್ಎಲ್ ಬಲ್ಬಿನ 546 ಮತ್ತು 611ರ ಗೆರೆಗಳಿಗೆ ಸ್ಕೇಲ್ ಹೊಂದಿಸಿಕೊಂಡೆ. ನಡುವೆ ಸುಮ್ನೆ ಅರಿಶಿನವನ್ನು ಸ್ಯಾನಿಟೈಸರಿನಲ್ಲಿ ಕಲಸಿ ಲೇಸರ್ ಬಿಟ್ಟು ನೋಡಿದೆ. ಹಸಿರು ಕಾರಿತು. ಒಂದು ಸಂಜೆ ಪೂರ್ತಿ ಅದರಲ್ಲೇ ಹೋಯಿತು.

ಇನ್ನೊಂದು ಮೋಸ ನೋಡಿ. ಹಸಿರು ಚಿಪ್ಪಿನಲ್ಲೂ 700ರ ಕಡೆ ಅಗಲವಾದ ಗುಡ್ಡ ಎದ್ದಿತ್ತು. ಸೆಲೆನಿಯಂ ನುಗ್ಗಿದೆ ಅಂದುಕೊಂಡೆ. ಲೇಸರ್ ಪವರ್ ಏರಿಸಿದಾಗ ಗುಡ್ಡ ಅಲ್ಲೇ ನಿಂತಿತು, ಹಸಿರು ಪೀಕ್ ಮಾತ್ರ ಏರುತ್ತಾ ಹೋಯಿತು. ಅಲ್ಲಿಗೆ ಅದು ಡಿಫೆಕ್ಟ್ ಬೆಳಕು, ಅಂದರೆ ಹರಳಿನೊಳಗಿನ ದೋಷಗಳಿಂದ ಬರುವ ಬೆಳಕು ಅಂತ ಗೊತ್ತಾಯಿತು. ಟ್ಯೂಬಿನ ಬಾಯಿ ಮುಚ್ಚುವ ರಬ್ಬರ್ ಬಳೆ, ಒ-ರಿಂಗ್, ಲೀಕ್ ಆಗಿ ಗಾಳಿ ನುಗ್ಗುತ್ತಿತ್ತು. ಈಗ ಮೂರು ಸಲ ಆರ್ಗಾನ್ ತುಂಬಿ, ಪಂಪ್ ಹಾಕಿ ಎಳೆದ ಮೇಲೇ ಕಾಯಿಸುತ್ತೇನೆ. ಹೊಗೆ ಹೋಗುವ ಕಡೆ ಬಬ್ಲರ್ (ಹೊಗೆಯನ್ನು ದ್ರವದಲ್ಲಿ ಹಾಯಿಸುವ ಬಾಟಲಿ) ಇದ್ದೇ ಇರುತ್ತೆ, ಕ್ಯಾಡ್ಮಿಯಂ ವಿಷ, ಅದರ ಜೊತೆ ಆಟ ಬೇಡ.

ಏಪ್ರಿಲ್‌ನಲ್ಲಿ ರನ್ ನಡುವೆಯೇ ಕರೆಂಟ್ ಹೋಗಿ, ಹಸಿರಾಗಬೇಕಾದ ಚಿಪ್ ಕಿತ್ತಳೆ ಆಯಿತು. ಅಂದಿನಿಂದ ರಾತ್ರಿ ಎರಡಕ್ಕೇ ಶುರು ಮಾಡುತ್ತೇನೆ.