ಸಿರಿಂಜಿನಲ್ಲಿ ಹಿಡಿದ 40 ಮಿ.ಲೀ. ಗಾಳಿ

ಒತ್ತಡ, ಗಾತ್ರ, ತಾಪ ಮೂರನ್ನೂ ಕಟ್ಟಿಹಾಕುವ ಸೂತ್ರವನ್ನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಕೈಯಾರೆ ಅಳೆದದ್ದು ಮಾತ್ರ ತೀರಾ ತಡವಾಗಿ, ಸೂಜಿಯಿಲ್ಲದ ಒಂದು 60 ಮಿ.ಲೀ. ಸಿರಿಂಜ್ ಹಿಡಿದುಕೊಂಡು.

ಒತ್ತಡ ಬದಲಾಗದಿದ್ದರೆ ತಾಪ ಏರಿದಂತೆ ಗಾಳಿ ಹಿಗ್ಗುತ್ತದೆ. ಫ್ರೆಂಚ್ ವಿಜ್ಞಾನಿ ಗೇ-ಲುಸಾಕ್ 1802ರಲ್ಲಿ ಪ್ರಕಟಿಸಿದ ವಿಷಯ ಇದು, ನಾವು ಓದುವುದು ಮಾತ್ರ ಚಾರ್ಲ್ಸ್‌ನ ನಿಯಮ ಎಂಬ ಹೆಸರಿನಲ್ಲಿ. ಸಿರಿಂಜನ್ನು 0 ಡಿಗ್ರಿಯ ಐಸ್ ನೀರಿನಲ್ಲಿ ಮೂತಿ ಮೇಲೆ ಬರುವಂತೆ ಇಟ್ಟೆ. ಗಾಳಿ ಚೆನ್ನಾಗಿ ತಣ್ಣಗಾದ ಮೇಲೆ ದಂಡವನ್ನು 40ಕ್ಕೆ ನಿಲ್ಲಿಸಿ ಮೂತಿಗೆ ಮುಚ್ಚಳ ಬಿಗಿದೆ. ಆಮೇಲೆ 60 ಡಿಗ್ರಿ ಬಿಸಿನೀರಿಗೆ ಇಳಿಸಿದೆ. ಲೆಕ್ಕದ ಪ್ರಕಾರ 48.8 ಬರಬೇಕು.

ದಂಡ 58ರವರೆಗೆ ಬಂತು! ಇನ್ನು ಸ್ವಲ್ಪ ಬಿಟ್ಟಿದ್ದರೆ ಕಳಚಿಕೊಳ್ಳುತ್ತಿತ್ತು. ತೊಳೆದ ಸಿರಿಂಜನ್ನು ಒರೆಸದೆ ಹಾಗೇ ಬಳಸಿದ್ದೆ, ಒಳಗೆ ಒಂದು ಹನಿ ನೀರು ಉಳಿದಿತ್ತು. 60 ಡಿಗ್ರಿಯಲ್ಲಿ ನೀರಾವಿಯ ಒತ್ತಡವೇ ವಾತಾವರಣದ ಒತ್ತಡದ ಐದನೇ ಒಂದು ಭಾಗದಷ್ಟಿರುತ್ತದೆ. ನಾನು ಅಳೆದದ್ದು ಬರೀ ಗಾಳಿಯನ್ನಲ್ಲ.

ಎರಡನೇ ಸಲ ಪೂರ್ತಿ ಒಣಗಿಸಿದೆ. ಈಗ 45.5ಕ್ಕೇ ನಿಂತಿತು. ರಬ್ಬರ್ ಗೋಡೆಗೆ ಕಚ್ಚಿಕೊಂಡು ದಂಡ ಸರಿಯುತ್ತಲೇ ಇರಲಿಲ್ಲ. ಇದನ್ನು ಗ್ರಾಫ್‌ಗೆ ಹಾಕಿ, ಗಾತ್ರ ಸೊನ್ನೆಯಾಗುವ ಜಾಗದವರೆಗೆ ಗೆರೆಯನ್ನು ಹಿಂದಕ್ಕೆ ಎಳೆದರೆ ಸಿಕ್ಕಿದ್ದು −436 ಡಿಗ್ರಿ. −273.15ಕ್ಕಿಂತ ಕೆಳಗೆ ತಾಪವೇ ಇಲ್ಲ ಅಂತ ಪಾಠ ಮಾಡುವವನು ನಾನೇ. ಒಬ್ಬನೇ ಕೂತು ನಕ್ಕೆ.

ಮೂರನೇ ಸಲ ರಬ್ಬರಿಗೆ ಚೂರು ಸಿಲಿಕೋನ್ ಎಣ್ಣೆ ಸವರಿದೆ. ಪ್ರತಿ ತಾಪದಲ್ಲೂ ದಂಡವನ್ನು ಸ್ವಲ್ಪ ಒಳಕ್ಕೆ ಒತ್ತಿ ಬಿಟ್ಟು ಒಂದು ಅಳತೆ, ಸ್ವಲ್ಪ ಹೊರಕ್ಕೆ ಎಳೆದು ಬಿಟ್ಟು ಇನ್ನೊಂದು. ಎರಡರ ಸರಾಸರಿ ಬರೆದುಕೊಂಡೆ. ಘರ್ಷಣೆಯ ಕಾಟ ಮುಕ್ಕಾಲು ಪಾಲು ಹೋಯಿತು. 60 ಡಿಗ್ರಿಯಲ್ಲಿ 48.5. ಗೆರೆ ಹೋಗಿ ಮುಟ್ಟಿದ್ದು −282ಕ್ಕೆ. ಸಿರಿಂಜಿಗೆ ಇದು ಸಾಕಪ್ಪಾ ಅನಿಸಿತು.

ಈ ಗ್ರಾಫ್ ತೋರಿಸಿದ ಮೇಲೆ ತರಗತಿಯಲ್ಲಿ ಒಂದು ಹಳೇ ತಪ್ಪು ಕಡಿಮೆಯಾಯಿತು. 20 ಡಿಗ್ರಿ 40 ಆದರೆ ಗಾತ್ರ ದುಪ್ಪಟ್ಟು ಅಂತ ಮಕ್ಕಳು ಬರೆಯುತ್ತಿದ್ದರು. ಗೆರೆ ಶುರುವಾಗುವುದೇ −273ರಿಂದ, ಅಲ್ವಾ? ಅಲ್ಲಿಂದ ಎಣಿಸಿದರೆ 293 ಹೋಗಿ 313 ಆಗಿದೆ, ಅಷ್ಟೇ. ಗಾತ್ರ ಏರುವುದು ಶೇಕಡ 7ರಷ್ಟು.

ತಾಪ ಬದಲಾಗದಿದ್ದರೆ ಗಾತ್ರ ಅರ್ಧವಾದಾಗ ಒತ್ತಡ ದುಪ್ಪಟ್ಟು ಅನ್ನುವ ಬಾಯ್ಲ್‌ನ ನಿಯಮಕ್ಕೆ ಇಷ್ಟು ಒದ್ದಾಟವಿಲ್ಲ. ಮುಚ್ಚಿದ ಸಿರಿಂಜನ್ನು ಅರ್ಧಕ್ಕೆ ಒತ್ತಿ, ಒತ್ತಡ ದುಪ್ಪಟ್ಟಾದದ್ದು ಅಂಗೈಗೇ ಗೊತ್ತಾಗುತ್ತದೆ.

ಉಳಿದದ್ದು ಗಾತ್ರ ಬದಲಾಗದಂತೆ ತಾಪ ಏರಿಸುವುದು. ಅದೇ ಸಿರಿಂಜನ್ನು ಐಸಿನಿಂದ ಬಿಸಿನೀರಿಗೆ ಹಾಕಿ, ದಂಡ 40 ಬಿಟ್ಟು ಕದಲದಂತೆ ಹೆಬ್ಬೆರಳಿನಿಂದ ಹಿಡಿದೆ. ಒತ್ತಡ ಶೇಕಡ 22ರಷ್ಟು ಏರುತ್ತದೆ. ನನ್ನ ಸಿರಿಂಜಿನ ಅಗಲಕ್ಕೆ ಅದು ಸುಮಾರು ಒಂದೂಕಾಲು ಕೆಜಿ ಭಾರ. ಒಂದು ನಿಮಿಷ ಹಿಡಿಯುವಷ್ಟರಲ್ಲಿ ಬೆರಳು ನಡುಗತೊಡಗಿತು. ಇದನ್ನು ಗಾಜಿನ ಬಾಟಲಿಯಲ್ಲಿ ಮಾತ್ರ ಮಾಡಬೇಡಿ, ಮುಚ್ಚಿ ಬಿಸಿ ಮಾಡಿದ ಗಾಜು ಒಡೆದು ಸಿಡಿಯಬಹುದು.