ಜರ್ಮನ್ ಲೈಬ್ರರಿಯಲ್ಲಿ ಕೆಲಸಕ್ಕೆ ಬರುವ ಒಂದು ವಾಕ್ಯ

ಜರ್ಮನ್ ಕಲಿಯುತ್ತಿರುವವರೇ, ಲೈಬ್ರರಿಗೆ ಹೋದಾಗ ಏನು ಕೇಳುವುದಿದ್ದರೂ 'ಇಶ್ ಮ್ಯೋಷ್ಟೆ' ಅಂತ ಶುರು ಮಾಡಿ, ಆಮೇಲೆ ಪುಸ್ತಕ, ಕೊನೆಗೆ ಕ್ರಿಯಾಪದ: 'ಇಶ್ ಮ್ಯೋಷ್ಟೆ ಡೀಜೆಸ್ ಬೂಖ್ ಔಸ್‌ಲೈಯೆನ್', ಅಂದರೆ ಈ ಪುಸ್ತಕ ಎರವಲು ಬೇಕು. ವಾಪಸ್ ಕೊಡುವುದಿದ್ದರೆ ಕೊನೆಯ ಪದ 'ತ್ಸುರ್ಯುಕ್‌ಗೇಬೆನ್', ಅವಧಿ ವಿಸ್ತರಿಸಲು 'ಫೆರ್‌ಲೆಂಗರ್ನ್', ಅಷ್ಟೇ ಬದಲಾವಣೆ. ಔಸ್‌ಲೈಯೆನ್ ಥರದ ಕ್ರಿಯಾಪದಗಳು ಮಾಮೂಲಿ ವಾಕ್ಯದಲ್ಲಿ ಎರಡು ತುಂಡಾಗುತ್ತವೆ, ಆದರೆ ಮ್ಯೋಷ್ಟೆ ಇದ್ದರೆ ಒಡೆಯದೆ ಕೊನೆಗೆ ಬರುತ್ತವೆ. ಕ್ರಿಯಾಪದ ಕೊನೆಗೆ ಇಡುವುದು ಕನ್ನಡದವರಿಗೆ ಸುಲಭ ಅಲ್ವಾ! ಆದರೆ ಎದುರಿನವರು ಹೀಗೇ ಮಾತಾಡುವುದಿಲ್ಲ. ಅವರು 'ಗೇಬೆನ್ ಜೀ ದಸ್ ಬೂಖ್...' ಅಂತ ಶುರು ಮಾಡಿ 'ತ್ಸುರ್ಯುಕ್' ಅನ್ನು ಕಟ್ಟಕಡೆಗೆ ಹೇಳಬಹುದು (ಪುಸ್ತಕ ವಾಪಸ್ ಕೊಡಿ ಅಂತ ಅರ್ಥ), ಹಾಗಾಗಿ ವಾಕ್ಯ ಮುಗಿಯುವವರೆಗೂ ಕಿವಿಗೊಡಿ. ಆಗಲೇ ತೆಗೆದುಕೊಂಡ ಪುಸ್ತಕದ ಬಗ್ಗೆ ಹೇಳಲೂ ಮ್ಯೋಷ್ಟೆ ವಾಕ್ಯ ಸಾಲದು, ಅದಕ್ಕೆ 'ಇಶ್ ಹಾಬೆ ದಸ್ ಬೂಖ್ ಔಸ್‌ಗೆಲೀಯೆನ್' ಬೇಕು, ಅಂದರೆ ನಾನು ಪುಸ್ತಕ ಎರವಲು ತೆಗೆದುಕೊಂಡಿದ್ದೇನೆ. ಪುಸ್ತಕ ಯಾವುದರ ಬಗ್ಗೆ ಅಂತ ಯಾರಾದರೂ ಕೇಳಿದರೆ 'ಎಸ್ ಗೇಟ್ ಉಮ್' ಅಂತ ಹೇಳಿ ವಿಷಯ ಸೇರಿಸಿ: 'ಎಸ್ ಗೇಟ್ ಉಮ್ ಐನೆ ಫಮೀಲಿಯೆ', ಒಂದು ಕುಟುಂಬದ ಬಗ್ಗೆ. ಪುಲ್ಲಿಂಗ ಪದ ಬಂದಾಗ ಮಾತ್ರ ಹುಷಾರು, ಉಮ್ ಆದ ಮೇಲೆ ಆ ಪದಕ್ಕೆ ಮೊದಲು ಬರುವ 'ಡೆರ್' (ಇಂಗ್ಲಿಷ್‌ನ 'the' ಥರದ್ದು) ಹೋಗಿ 'ಡೆನ್' ಆಗುತ್ತದೆ.