ಕಾಮಿಕ್ ಕಾನ್‌ಗೆ ಹೋಗಲೋ ಬೇಡವೋ

ಕಲಬುರಗಿಯಿಂದ ಬೆಂಗಳೂರಿಗೆ ಹೋಗಲು ರೈಲಿನಲ್ಲಿ ಒಂದು ರಾತ್ರಿ ಬೇಕು. ಬರಲು ಇನ್ನೊಂದು ರಾತ್ರಿ. ನಡುವೆ ಎರಡು ದಿನ ಕಾಮಿಕ್ ಕಾನ್, ಅಂದರೆ ಕಾಮಿಕ್ಸ್-ಕಾರ್ಟೂನ್ ಅಭಿಮಾನಿಗಳ ಸಮಾವೇಶ. ವೈಟ್‌ಫೀಲ್ಡ್ ಕಡೆಯ ದೊಡ್ಡ ಹಾಲಿನಲ್ಲಿ, ಬಣ್ಣಬಣ್ಣದ ವಿಗ್ ಹಾಕಿಕೊಂಡ ಸಾವಿರಾರು ಜನರ ಮಧ್ಯೆ ನೂಕಾಟ. ಟಿಕೆಟ್ಟು, ರೂಮು, ಊಟ ಎಲ್ಲ ಅತಿಥಿ ಉಪನ್ಯಾಸಕಿಯ ಸಂಬಳದಲ್ಲೇ ಆಗಬೇಕು. ತಾರೀಖು ಗೊತ್ತಾದ ದಿನವೇ ಅವ್ವ ಶುರು ಮಾಡುತ್ತಾಳೆ: “ಜಾತ್ರಿ ನೋಡ್ಬೇಕಂದ್ರ ಊರಾಗೇ ಶರಣಬಸಪ್ಪನ ಜಾತ್ರಿ ಅದ. ಅಷ್ಟು ದೂರ ಯಾಕ ಹೋಗ್ತಿ?”

ಅವಳು ಕೇಳುವುದರಲ್ಲಿ ತಪ್ಪೇನಿಲ್ಲ. ಸರಿಯಾದ ಉತ್ತರ ಕೊಡಲು ನನಗೇ ಕೆಲವು ವರ್ಷ ಬೇಕಾಯಿತು.

ನಾನು ಮೊದಲು ಅಭಿಮಾನಿ, ಸಂಶೋಧಕಿ ಆದದ್ದು ಆಮೇಲೆ. ಚಿಕ್ಕಂದಿನಲ್ಲಿ ಟಿವಿಯಲ್ಲಿ ಬರುತ್ತಿದ್ದ ಜಪಾನಿ ಕಾರ್ಟೂನ್‌ಗಳನ್ನು ಹಿಂದಿ ಡಬ್ಬಿಂಗ್‌ನಲ್ಲೇ ನೋಡಿದೆ. ನಮ್ಮ ಕಡೆ ಮಕ್ಕಳಿಗೆ ಹಿಂದಿಯನ್ನು ಯಾರೂ ಬೇರೆ ಕಲಿಸಬೇಕಿಲ್ಲ, ಓಣಿಯ ದಖನಿ ಉರ್ದುವೇ ಸಾಕು. ಅದಕ್ಕೆ ಅನಿಮೆ ಅನ್ನುತ್ತಾರೆ ಅಂತ ತಿಳಿಯುವ ಹೊತ್ತಿಗೆ ಡಿಗ್ರಿ ಮುಗಿಯಲು ಬಂದಿತ್ತು. ಈಗ ಪಿಎಚ್‌ಡಿ ಮಾಡುತ್ತಿರುವುದೂ ಅದರ ಸುತ್ತಲೇ. ಅಭಿಮಾನಿಗಳು ಮೆಚ್ಚಿದ ಕಥೆಯನ್ನು ತಾವೇ ಹೇಗೆ ಮತ್ತೆ ಬರೆಯುತ್ತಾರೆ, ಬಿಡಿಸುತ್ತಾರೆ, ಹೊಲಿಸಿಕೊಂಡು ತೊಡುತ್ತಾರೆ ಅನ್ನುವುದು ನನ್ನ ವಿಷಯ.

ನಮ್ಮ ಗೈಡ್ ಮೊದಲ ದಿನವೇ ಕೇಳಿದ್ದರು: “ನೀನೇ ಅಭಿಮಾನಿ ಅಂದ್ರ ಸಂಶೋಧನೆ ಹ್ಯಾಂಗ ಮಾಡ್ತೀಯವ್ವ?” ಈ ಪ್ರಶ್ನೆ ಹಳೆಯದು. ಅಮೆರಿಕದ ಹೆನ್ರಿ ಜೆಂಕಿನ್ಸ್ ಟಿವಿ ಧಾರಾವಾಹಿಗಳ ಅಭಿಮಾನಿಗಳ ಬಗ್ಗೆ 1992ರಲ್ಲಿ ಪುಸ್ತಕ ಬರೆದರು, ನಾನೂ ಇವರಲ್ಲಿ ಒಬ್ಬ ಅಂತ ಹೇಳಿಕೊಂಡೇ ಬರೆದರು. ಇಂಥವರಿಗೆ ಅಕಾ-ಫ್ಯಾನ್ (ಅಕಾಡೆಮಿಕ್ಕೂ ಹೌದು, ಫ್ಯಾನೂ ಹೌದು) ಅನ್ನುವ ಹೆಸರು ಬಳಕೆಗೆ ಬಂತು. ಅದೇ ವರ್ಷ ಕ್ಯಾಮಿಲ್ ಬೇಕನ್-ಸ್ಮಿತ್ ಅಂಥದೇ ಅಭಿಮಾನಿಗಳ ಬಗ್ಗೆ ಇನ್ನೊಂದು ಪುಸ್ತಕ ತಂದರು. ಆಕೆ ಮಾತ್ರ ಕ್ಷೇತ್ರಕಾರ್ಯಕ್ಕೆ ಬಂದವಳಾಗಿಯೇ ಅವರ ಸಮಾವೇಶಗಳಲ್ಲಿ ಓಡಾಡಿದರು. ಒಂದೇ ಮನೆಗೆ ಒಬ್ಬರು ಹಿತ್ತಿಲ ಬಾಗಿಲಿಂದ, ಇನ್ನೊಬ್ಬರು ಮುಂಬಾಗಿಲಿಂದ ಬಂದ ಹಾಗೆ. ಗೈಡ್‌ಗೆ ಇದನ್ನೆಲ್ಲ ವಿವರಿಸಿದೆ. ನಿಜ ಹೇಳಬೇಕೆಂದರೆ ನನ್ನ ಸಿಟ್ಟು ಬೇರೆಯೇ ಇತ್ತು. ಜಾನಪದದವರು ಡೊಳ್ಳಿನವರ ಜೊತೆ ಕೂತು ಹಾಡಿದರೆ ಅದು ಕ್ಷೇತ್ರಕಾರ್ಯ, ನಾನು ವಿಗ್ ಹಾಕಿದವರ ಜೊತೆ ನಿಂತರೆ ಟೈಂಪಾಸ್!

ಮೊದಲ ಸಲ ಹೋದಾಗ ನಲವತ್ತು ಪ್ರಶ್ನಾವಳಿ ಝೆರಾಕ್ಸ್ ಮಾಡಿಸಿಕೊಂಡು ಹೋಗಿದ್ದೆ. ಹದಿನಾರು ಪ್ರಶ್ನೆ, ಹಿಂದೆ ಮುಂದೆ ಎರಡೂ ಬದಿ. ಮೈಮೇಲೆ ರೆಕ್ಕೆ ಕಟ್ಟಿಕೊಂಡವರಿಗೆ, ಕೈಗೆ ಪಂಜ ಹಾಕಿಕೊಂಡವರಿಗೆ ಪೆನ್ನು ಹಿಡಿಯಲು ಆಗುವುದಿಲ್ಲ ಅನ್ನುವುದು ಹೊಳೆದಿರಲೇ ಇಲ್ಲ. ವಾಪಸ್ ಬಂದದ್ದು ಹನ್ನೊಂದು. ನಾನು ಇಷ್ಟಪಟ್ಟ ಕಲಾವಿದರ ಸ್ಟಾಲ್ ಮುಂದೆ ಎರಡು ಸಲ ಹಾದುಹೋಗಿ, ಎರಡೂ ಸಲ ನಿಲ್ಲಲಿಲ್ಲ. ಪ್ರಶ್ನಾವಳಿ ತುಂಬುವವರನ್ನು ಹುಡುಕುತ್ತಿದ್ದೆ ನೋಡಿ.

ಅದು ಬಿಡಿ. ಮಾಡಬಾರದ್ದನ್ನು ಮಾಡಿದ್ದು ಇನ್ನೊಂದು ಕಡೆ. ಕ್ಯೂನಲ್ಲಿ ಒಬ್ಬ ಹುಡುಗಿ ಸಿಕ್ಕಿದ್ದಳು, ರಾಯಚೂರು ಕಡೆಯವಳು. ನಮ್ಮ ಮಾತು ಕೇಳಿ ಖುಷಿಯಾಗಿ ಒಂದು ತಾಸು ಹರಟಿದಳು. ಕೋಚಿಂಗ್ ಟೆಸ್ಟ್ ಅಂತ ಮನೆಯಲ್ಲಿ ಸುಳ್ಳು ಹೇಳಿ ಬಂದಿದ್ದಾಳೆ ಅನ್ನುವುದೂ ಅದರಲ್ಲಿ ಬಂತು. ಅದನ್ನು ನಾನು ಒಂದು ಸೆಮಿನಾರ್ ಪ್ರಬಂಧದಲ್ಲಿ ಬರೆದೆ. ಹೆಸರು ಹಾಕಲಿಲ್ಲ. ಆದರೆ ಜಿಲ್ಲೆ, ಓದು, ತೊಟ್ಟಿದ್ದ ವೇಷ, ಮೂರೂ ಹಾಕಿದೆ. ಅವಳ ಗೆಳತಿಯೊಬ್ಬಳು ಓದಿ ಗುರುತು ಹಿಡಿದಳು. ಆಮೇಲೆ ಅವಳ ಮೆಸೇಜು ಬಂತು: “ಅಕ್ಕಾ, ಅದು ಫ್ಯಾನ್ ಅಂತ ನಿಮಗ ಹೇಳಿದ್ದು. ಪೇಪರಿಗಲ್ಲ.” ಅಷ್ಟರಲ್ಲಿ ಪ್ರಬಂಧ ಅಚ್ಚಾಗಿತ್ತು, ವಾಪಸ್ ತೆಗೆಯಲು ಆಗಲಿಲ್ಲ. ಕ್ಷಮೆ ಕೇಳಿದೆ. ಎರಡು ದಿನ ಬಿಟ್ಟು “ಇರ್ಲಿ ಬಿಡ್ರಿ” ಅಂತ ಕಳಿಸಿದಳು. ಆ “ಇರ್ಲಿ ಬಿಡ್ರಿ” ಈಗಲೂ ಚುಚ್ಚುತ್ತದೆ.

ಮುಂದಿನ ವರ್ಷ ಹೋಗಲಿಲ್ಲ. ದುಡ್ಡಿಲ್ಲ ಅಂತ ಎಲ್ಲರಿಗೂ ಹೇಳಿದೆ. ದುಡ್ಡು ಇರಲಿಲ್ಲ ಅನ್ನುವುದೂ ನಿಜವೇ.

ಆದರೆ ಹೋಗದ ಆ ವರ್ಷವೇ ನಾನು ಜಾಸ್ತಿ ಕಲಿತದ್ದು. ಶಹಾಪುರದ ಒಬ್ಬ ಹುಡುಗ ಇಲ್ಲೇ ಕಲಬುರಗಿಯಲ್ಲಿ ರೂಮು ಮಾಡಿಕೊಂಡು ಓದುತ್ತಿದ್ದ. ಮಾಳಿಗೆ ಮೇಲೆ ಒಬ್ಬನೇ ಕೂತು ತನ್ನ ವೇಷಕ್ಕೆ ಕವಚ ಮಾಡುತ್ತಿದ್ದ. ಬೇಕಿದ್ದದ್ದು ಯೋಗಾ ಮ್ಯಾಟಿನಂಥ ಫೋಮ್ ಶೀಟು, ಕಟರ್, ಅಂಟು. ಹೀಟ್ ಗನ್ ಕೊಳ್ಳಲು ಆಗಿರಲಿಲ್ಲ. ಇಸ್ತ್ರಿಪೆಟ್ಟಿಗೆ ಕಾಯಿಸಿ, ನಡುವೆ ಬೇಕರಿಯವರು ಹಾಸುವ ಹಾಳೆ ಇಟ್ಟು ಒತ್ತುತ್ತಿದ್ದ. ಬಿಸಿ ತಾಗಿದರೆ ಫೋಮಿನ ಸಣ್ಣ ತೂತು ಮುಚ್ಚಿ ಮೈ ನುಣುಪಾಗುತ್ತದೆ. ಆ ಬಿಸಿಯಲ್ಲೇ ಮೊಣಕಾಲ ಮೇಲಿಟ್ಟು ಬಗ್ಗಿಸಿ ಹಿಡಿದರೆ, ಆರಿದ ಮೇಲೂ ಬಾಗು ಹಾಗೇ ಉಳಿಯುತ್ತದೆ. ಮೊದಲ ಭುಜದ ತುಂಡಿಗೆ ನೇರವಾಗಿ ಬೆಳ್ಳಿ ಬಣ್ಣ ಹಚ್ಚಿದ್ದನಂತೆ. ಫೋಮು ಬಣ್ಣ ಕುಡಿಯಿತು, ಕೈ ಎತ್ತಿದ ಕೂಡಲೇ ಚಟಚಟ ಬಿರುಕು. ಆಮೇಲಿನದಕ್ಕೆ ನೀರು ಬೆರೆಸಿದ ಫೆವಿಕಾಲ್ ನಾಲ್ಕು ಸಲ ಹಚ್ಚಿ, ಪ್ರತಿ ಸಲ ಒಣಗಿಸಿ, ಕೊನೆಗೆ ಬಣ್ಣ ಬಳಿದ. ಮೇಲಿನ ನಿಲುವಂಗಿ ಹೊಲಿಸಲು ಸೂಪರ್ ಮಾರ್ಕೆಟ್ ಕಡೆಯ ಒಬ್ಬ ಟೇಲರ್ ಹತ್ತಿರ ಇಬ್ಬರೂ ಹೋದೆವು. ಆಕೆ ಬಟ್ಟೆಯನ್ನು ತಿರುಗಿಸಿ ಮುರುಗಿಸಿ ನೋಡಿ, “ಯಾವ ನಾಟಕ ಕಂಪನಿದವ್ವಾ ಇದು?” ಅಂದರು.

ನನಗೆ ತಕ್ಷಣ ನೆನಪಾದದ್ದು 1939. ಆ ವರ್ಷ ನ್ಯೂಯಾರ್ಕಿನಲ್ಲಿ ವೈಜ್ಞಾನಿಕ ಕಥೆಗಳ ಅಭಿಮಾನಿಗಳ ಮೊದಲ ವಿಶ್ವ ಸಮಾವೇಶ ನಡೆಯಿತು. ಮಿರ್ಟಲ್ ಡಗ್ಲಸ್ ಎಂಬ ಹೆಂಗಸು ಭವಿಷ್ಯದ ಕಾಲದ ಉಡುಪು ಅಂತ ತನಗೂ ಗೆಳೆಯ ಫಾರೆಸ್ಟ್ ಆಕರ್‌ಮನ್‌ಗೂ ಹೊಲಿದಳು, ಇಬ್ಬರೂ ಅದನ್ನೇ ತೊಟ್ಟು ಹೋದರು. ಹೀಗೆ ವೇಷ ತೊಡುವುದಕ್ಕೆ ಕಾಸ್‌ಪ್ಲೇ ಅನ್ನುವ ಪದ ಜಪಾನಿನಲ್ಲಿ ಹುಟ್ಟಿದ್ದು 1980ರ ದಶಕದಲ್ಲಿ. ಪದಕ್ಕಿಂತ ಹೊಲಿಗೆ ನಲವತ್ತು ವರ್ಷಕ್ಕೂ ಹೆಚ್ಚು ಹಿರಿದು! ನಮ್ಮ ಟೇಲರಮ್ಮ ಕೇಳಿದ ಪ್ರಶ್ನೆ ಒಂದು ಅಧ್ಯಾಯವೇ ಆಯಿತು. ಈ ಸಲ ಮೊದಲೇ ಕೇಳಿಕೊಂಡೆ, ಬರೆಯಬಹುದಾ ಅಂತ. “ನನ್ನ ಮಾತು ಬರದು ಏನ್ ಮಾಡ್ತಿ” ಅಂತ ನಕ್ಕರು, ಆಮೇಲೆ ಹೂಂ ಅಂದರು.

ಹಾಗಿದ್ದರೆ ಸಮಾವೇಶಕ್ಕೆ ಹೋಗುವುದೇ ಬೇಡ ಅಲ್ವಾ? ಸ್ವಲ್ಪ ದಿನ ಹಾಗೇ ಅಂದುಕೊಂಡಿದ್ದೆ. ಒಂದು ರಾತ್ರಿ ಕೂತು ಒಂದು ಹಾಳೆಯಲ್ಲಿ ಬರೆದೆ: ಅಲ್ಲಿ ಮಾತ್ರ ಸಿಗುವಂಥದ್ದು ಏನು? ವೇದಿಕೆಯ ಮಾತುಕತೆ ಹೊಡೆದುಹಾಕಿದೆ, ಹೆಚ್ಚುಕಡಿಮೆ ಎಲ್ಲ ಯೂಟ್ಯೂಬ್‌ಗೆ ಬರುತ್ತದೆ. ದೊಡ್ಡ ಕಂಪನಿಗಳ ಸ್ಟಾಲು ಹೊಡೆದುಹಾಕಿದೆ. ವೇಷದ ಫೋಟೋ ಇನ್‌ಸ್ಟಾಗ್ರಾಂನಲ್ಲೇ ಸಿಗುತ್ತವೆ. ಉಳಿದದ್ದು ಎರಡು. ಒಂದು, ಕಲಾವಿದರ ಸಾಲು. ಅಲ್ಲಿ ಯಾರು ಏನು ಬಿಡಿಸಿ ಎಷ್ಟಕ್ಕೆ ಮಾರುತ್ತಾರೆ, ಕೊಳ್ಳುವವರು ಯಾವುದನ್ನು ಎತ್ತಿ ನೋಡಿ ವಾಪಸ್ ಇಡುತ್ತಾರೆ ಅನ್ನುವುದು ಮೊಬೈಲಿನಲ್ಲಿ ಕಾಣುವುದಿಲ್ಲ. ಇನ್ನೊಂದು, ನಾನು. ಒಂದು ದಿನ ಏನನ್ನೂ ಬರೆದುಕೊಳ್ಳದೆ ಸುಮ್ನೆ ಖುಷಿಯಾಗಿ ಇರಬೇಕು ಅನ್ನಿಸುತ್ತಿತ್ತು. ಅದಕ್ಕೂ ಬೆಲೆ ಇದೆ ಅಂತ ಒಪ್ಪಿಕೊಳ್ಳಲು ನಾಚಿಕೆಯಾಯಿತು. ಆದರೂ ಬರೆದೆ.

ಊರು ಯಾವುದು ಅನ್ನುವುದನ್ನೂ ಲೆಕ್ಕ ಹಾಕಿದೆ. ಹೈದರಾಬಾದಿನಲ್ಲೂ ಕಾಮಿಕ್ ಕಾನ್ ಆಗುತ್ತದೆ. ನಮಗೆ ಹತ್ತಿರ, ಬೀದರಿನವರಿಗಂತೂ ಮೂರು ತಾಸಿನ ದಾರಿ. ಶಹಾಪುರದ ಹುಡುಗ ಅಲ್ಲಿಗೇ ಹೋದ. ಬರೀ ಅಭಿಮಾನಿಯಾಗಿದ್ದರೆ ನಾನೂ ಅಲ್ಲಿಗೇ ಹೋಗುತ್ತಿದ್ದೆ. ಆದರೆ ನನಗೆ ಬೇಕಿದ್ದದ್ದು ಕನ್ನಡದಲ್ಲಿ ಮಾತಾಡುವ ಅಭಿಮಾನಿಗಳು. ಬೆಂಗಳೂರೇ ಆಯಿತು. 2023ರ ಅಕ್ಟೋಬರಿನಿಂದ ಮೆಟ್ರೋ ವೈಟ್‌ಫೀಲ್ಡ್‌ವರೆಗೆ ಹೋಗುತ್ತಿರುವುದರಿಂದ ಆಟೋ ಖರ್ಚು ಉಳಿಯುತ್ತದೆ. ಸಣ್ಣ ವಿಷಯ, ಆದರೆ ಲೆಕ್ಕದ ಹಾಳೆಯಲ್ಲಿ ಅದಕ್ಕೂ ಒಂದು ಸಾಲು ಇತ್ತು.

ಶನಿವಾರ ನೋಟ್‌ಬುಕ್ಕನ್ನು ರೂಮಿನಲ್ಲೇ ಬಿಟ್ಟೆ. ಇಡೀ ದಿನ ನೋಡಿದೆ, ಕೊಂಡೆ, ಕಿರುಚಿದೆ, ಕಾಲು ನೋಯಿಸಿಕೊಂಡೆ. ಭಾನುವಾರ ಕಾಲೇಜಿನ ಐಡಿ ಕಾರ್ಡ್ ಕೊರಳಿಗೆ ಹಾಕಿಕೊಂಡು ಹೋದೆ. ಮಾತಿಗೆ ಮೊದಲೇ ಇಂಥ ಕೆಲಸ ಮಾಡುತ್ತಿದ್ದೇನೆ ಅಂತ ಹೇಳುತ್ತಿದ್ದೆ. ಕೆಲವರು ಮುಖ ತಿರುಗಿಸಿದರು. ಹೋಗಲಿ, ಅದು ಅವರ ದಿನ. ವೇಷದವರ ಫೋಟೋ ತೆಗೆಯಲು ಮೊದಲು ಕೇಳಬೇಕು ಅನ್ನುವುದು ಅಲ್ಲಿ ಎಲ್ಲರಿಗೂ ಗೊತ್ತು. ಮಾತಿಗೂ ಅದೇ ನಿಯಮ ಯಾಕಿರಬಾರದು?

ಕಲಾವಿದರ ಸಾಲಿನಲ್ಲಿ ರಾಯಚೂರಿನ ಹುಡುಗಿ ಕೂತಿದ್ದಳು. ಗೆಳತಿಯ ಮೇಜಿನ ಅರ್ಧ ಬಾಡಿಗೆಗೆ ತೆಗೆದುಕೊಂಡು ಸ್ಟಿಕರ್ ಮಾರುತ್ತಿದ್ದಳು. ನನ್ನನ್ನು ನೋಡಿ ಒಂದು ಕ್ಷಣ ಸುಮ್ಮನಾದಳು. ಆಮೇಲೆ “ಬರ್ರಿ ಅಕ್ಕಾ, ಕುಂಡ್ರಿ” ಅಂತ ಮೇಜಿನ ಹಿಂದೆ ಜಾಗ ಮಾಡಿದಳು. ಮೂರು ತಾಸು ಚಿಲ್ಲರೆ ಎಣಿಸಿ ಕೊಟ್ಟೆ. ಸಂಜೆ, ಬರೆದುಕೊಂಡದ್ದನ್ನು ಅವಳ ಕೈಗೇ ಕೊಟ್ಟು ಓದು ಅಂದೆ. ಪೆನ್ನು ಇಸಿದುಕೊಂಡಳು. ಎರಡು ಸಾಲು ಪೂರ್ತಿ ಹೊಡೆದಳು, ಒಂದು ಕಡೆ ಸ್ಟಿಕರಿನ ರೇಟು ತಪ್ಪಿತ್ತು, ತಿದ್ದಿದಳು. ತನ್ನ ಅವ್ವನ ವಿಷಯ ಬಂದಲ್ಲಿ ಪೆನ್ನು ನಿಂತಿತು. “ಇದು ಇರ್ಲಿ,” ಅಂದಳು. “ಅವ್ವಗ ಈಗ ಗೊತ್ತದ.”

ಈ ವರ್ಷದ ತಾರೀಖು ಬಂದಿದೆ. ಅದೇ ವಾರ ನನಗೆ ಮೌಲ್ಯಮಾಪನದ ಡ್ಯೂಟಿ. ಸಹೋದ್ಯೋಗಿಯೊಬ್ಬರ ಜೊತೆ ದಿನ ಅದಲುಬದಲು ಮಾಡಿಕೊಳ್ಳಲು ಕೇಳಿದ್ದೇನೆ, ಇನ್ನೂ ಉತ್ತರ ಕೊಟ್ಟಿಲ್ಲ. ರೈಲು ಟಿಕೆಟ್ ಮಾತ್ರ ತೆಗೆದಿಟ್ಟಿದ್ದೇನೆ, ವೇಟಿಂಗ್ ಲಿಸ್ಟ್ ಹದಿನಾಲ್ಕು.